ಇಲ್ಲದ ಸೊಲ್ಲಾಪುರವನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಶಿಕ್ಷಕಿ, ಅಕ್ಕಲಕೋಟ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯ ಕನ್ನಡ ಶಾಲೆಯಲ್ಲಿ 9ನೇ ತರಗತಿಗೆ ಪಾಠ ಮಾಡುತ್ತೇನೆ. ಡಿಸೆಂಬರಿನಲ್ಲಿ 30 ಮಕ್ಕಳನ್ನು ಒಂದು ದಿನ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಬೇಕು. ಕೋಟೆ, ಸಿದ್ಧರಾಮೇಶ್ವರ ಗುಡಿ, ಕೆರೆ ಎಲ್ಲಾ ಪ್ರತಿ ವರ್ಷ ನೋಡುತ್ತೇವೆ. ಈ ಸಲ ಬೇರೆ ಆಸೆ ಇದೆ. ಈ ಮಕ್ಕಳಲ್ಲಿ ಎಷ್ಟೋ ಜನರ ಅಜ್ಜಂದಿರು ಸೊಲ್ಲಾಪುರದ ಬಟ್ಟೆ ಗಿರಣಿಗಳಲ್ಲಿ ದುಡಿದವರು. ಮೊಮ್ಮಕ್ಕಳಿಗೆ ಗಿರಣಿ ಅಂದರೆ ಹಿಟ್ಟಿನ ಗಿರಣಿ ಮಾತ್ರ ಗೊತ್ತು. ಹೋದ ವರ್ಷ ಒಬ್ಬ ಹುಡುಗ, "ಅಕ್ಕೋರೇ, ನಮ್ಮಜ್ಜನ ಗಿರಣಿ ಎಲ್ಲಿದೆ?" ಎಂದು ಕೇಳಿದ. ನಾನು ಒಂದು ಗೋಡೆ ತೋರಿಸಿದೆ, ಹಿಂದೆ ಖಾಲಿ ಜಾಗ. ಅವನು ಗೋಡೆ ನೋಡಿದ, ನನ್ನನ್ನು ನೋಡಿದ, ಸುಮ್ಮನಾದ. ಅದು ಇನ್ನೂ ಮನಸ್ಸಿನಲ್ಲಿದೆ.

ಹೋಗಿಬಿಟ್ಟ ಊರನ್ನು ಮಕ್ಕಳಿಗೆ ತೋರಿಸಿದ ಅನುಭವ ಯಾರಿಗಾದರೂ ಇದೆಯೇ? ಎಲ್ಲಿಂದ ಶುರು ಮಾಡಲಿ?

ಗಿರಣಿ ಚಾಳದಲ್ಲಿ ಬೆಳೆದವರು, ಸೊಲ್ಲಾಪುರ

ಅಕ್ಕೋರೇ, ಮೊದಲು ಭೋಂಗಾದ, ಅಂದರೆ ಗಿರಣಿಯ ಸೈರನ್ನಿನ, ಕಥೆ ಹೇಳಿ. ಗೋಡೆ ಆಮೇಲೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೇಕಾಗಿರಲೂ ಇಲ್ಲ. ಪಾಳಿ ಬದಲಾಗುವಾಗ ಗಿರಣಿಯ ಭೋಂಗಾ ಊದುತ್ತಿತ್ತು. ಬೆಳಗಿನ ಮೊದಲ ಭೋಂಗಾಕ್ಕೆ ಅವ್ವ ಹಂಚು ಇಡುತ್ತಿದ್ದಳು. ಎರಡನೆಯದಕ್ಕೆ ಅಪ್ಪನ ಡಬ್ಬಿಯಲ್ಲಿ ಭಕ್ಕರಿ, ಶೇಂಗಾ ಚಟ್ನಿ ಸೇರಿರುತ್ತಿತ್ತು. ಒಂದೊಂದು ಗಿರಣಿಯ ಸದ್ದು ಒಂದೊಂದು ಥರ. ಇದು ಅವರದ್ದು, ಇದು ನಮ್ಮದು ಎಂದು ನಾವು ಮಕ್ಕಳು ಹಾಸಿಗೆಯಲ್ಲೇ ಹೇಳುತ್ತಿದ್ದೆವು. ಅಪ್ಪ ನೇಯ್ಗೆ ವಿಭಾಗದಲ್ಲಿದ್ದರು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ತುಟಿ ನೋಡಿ ತಿಳಿಯಬೇಕು, ಇಲ್ಲವೇ ಕೂಗಬೇಕು. ಮನೆಗೆ ಬಂದರೂ ಅದೇ ಕೂಗು. ಚಾಳದ ಗಂಡಸರೆಲ್ಲಾ ಹಾಗೆಯೇ. ಇಂಡಿಯಿಂದ ಬಂದ ನಮ್ಮ ಸೋದರಮಾವ, ಇವರು ಇಡೀ ದಿನ ಜಗಳ ಆಡುತ್ತಾರೆ ಎಂದುಕೊಂಡಿದ್ದ.

ಒಂದು ಬದಿಯ ಮನೆಯಲ್ಲಿ ತೆಲುಗು, ಇನ್ನೊಂದು ಬದಿಯಲ್ಲಿ ಮರಾಠಿ, ಎದುರಿಗೆ ಉರ್ದು, ನಮ್ಮಲ್ಲಿ ಕನ್ನಡ. ನಾಲ್ಕೂ ಬಾರದ ಮಗು ಆ ಚಾಳದಲ್ಲಿ ಇರಲಿಲ್ಲ.

1990ರ ದಶಕದಲ್ಲಿ ನಮ್ಮಪ್ಪನ ಗಿರಣಿ ನಿಂತಿತು. ಭೋಂಗಾ ಊದದ ಮೊದಲ ಬೆಳಿಗ್ಗೆಯೂ ಅಪ್ಪ ಅದೇ ಹೊತ್ತಿಗೆ ಎದ್ದರು. ಸ್ನಾನ ಮಾಡಿ, ಅಂಗಿ ಹಾಕಿಕೊಂಡು ಹೊಸ್ತಿಲ ಮೇಲೆ ಕುಳಿತರು. ಅವ್ವ ಭಕ್ಕರಿ ಬಡಿದಳು. ಯಾರೂ ಮಾತಾಡಲಿಲ್ಲ.

ನನ್ನ ಅಣ್ಣನ ಮಕ್ಕಳಿಗೆ ಇದನ್ನೆಲ್ಲಾ ತೋರಿಸಲು ಹೋಗಿ ನಾನೂ ಮೊದಲ ಸಲ ಸೋತೆ. "ಅಜ್ಜಾ, ಗಿರಣಿ ಹೇಗಿತ್ತು?" ಎಂದು ಮಕ್ಕಳಿಂದ ಕೇಳಿಸಿದೆ. "ಚಲೋ ಇತ್ತು" ಎಂದರು, ಮುಗಿಯಿತು. ಮುಂದಿನ ಸಲ ಪ್ರಶ್ನೆ ಬದಲಿಸಿದೆವು. ಯಾವ ಪಾಳಿ? ಯಾವ ದಾರಿಯಲ್ಲಿ ನಡೆದು ಹೋಗುತ್ತಿದ್ದೆ? ಡಬ್ಬಿಯಲ್ಲಿ ಏನಿರುತ್ತಿತ್ತು? ಆಮೇಲೆ ಅಪ್ಪನನ್ನು ನಿಲ್ಲಿಸುವುದೇ ಕಷ್ಟವಾಯಿತು. ನಿಮ್ಮ ಮಕ್ಕಳೂ ಬರುವ ಮೊದಲು ತಮ್ಮ ತಮ್ಮ ಅಜ್ಜನಿಗೆ ಈ ಮೂರನ್ನೇ ಕೇಳಲಿ. ಅಜ್ಜ ನಡೆದ ದಾರಿಯಲ್ಲಿ ಮೊಮ್ಮಗ ನಡೆಯಲಿ. ಆಗ ಆ ಗೋಡೆ ಸುಮ್ನೆ ಗೋಡೆಯಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು. ಹಳೆಯ ಕಾಂಪೌಂಡುಗಳ ಒಳಗೆ ಮಕ್ಕಳನ್ನು ಬಿಡಬೇಡಿ. ಗೋಡೆ ಸಡಿಲ, ಹಾವೂ ಇರುತ್ತವೆ.

ವಕೀಲರು, ಸೊಲ್ಲಾಪುರ

ಅಕ್ಕನವರು ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಊರಿನ ಮೊದಲ ಗಿರಣಿ ಸೊಲ್ಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್, ಶುರುವಾದದ್ದು 1877ರಲ್ಲಿ. ಜನರ ಬಾಯಲ್ಲಿ ಅದು ಜುನಿ ಮಿಲ್, ಅಂದರೆ ಹಳೆಯ ಗಿರಣಿ. ಗಿರಣಿ ಹೋದರೂ ಜುನಿ ಮಿಲ್ ಕಾಂಪೌಂಡ್ ಎಂಬ ಹೆಸರು ಉಳಿದಿದೆ. ಆಮೇಲೆ ನರಸಿಂಗಗಿರ್ಜಿ, ಲಕ್ಷ್ಮಿ, ವಿಷ್ಣು, ಜಾಮ್ ಮಿಲ್‌ಗಳು ಬಂದವು.

ಜುನಿ ಮಿಲ್ 1949ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಸಾವಿರಾರು ಮನೆಗಳ ಒಲೆ ಆರುವ ಪರಿಸ್ಥಿತಿ. 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ ಒಂದು ಗಿರಣಿಗಾಗಿಯೇ ಸುಗ್ರೀವಾಜ್ಞೆ ತಂದು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಅದೇ ತಿಂಗಳು ಸಂವಿಧಾನ ಜಾರಿಗೆ ಬಂತು. ಚಿರಂಜಿತ್ ಲಾಲ್ ಚೌಧುರಿ ಎಂಬ ಷೇರುದಾರರು ಸುಪ್ರೀಂ ಕೋರ್ಟಿಗೆ ಹೋದರು. ದೇಶದಲ್ಲಿ ಇಷ್ಟು ಕಂಪನಿಗಳಿರುವಾಗ ಒಂದೇ ಕಂಪನಿಗೆ ಕಾನೂನು ಮಾಡಿದರೆ ಸಮಾನತೆ ಎಲ್ಲಿ ಉಳಿಯಿತು ಎಂಬುದು ಅವರ ಪ್ರಶ್ನೆ. 1950ರ ಡಿಸೆಂಬರ್ 4ರಂದು ತೀರ್ಪು ಬಂತು. ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಅರ್ಜಿ ತಳ್ಳಿಹಾಕಿದರು, ಇಬ್ಬರು ಒಪ್ಪಲಿಲ್ಲ. ಇಂದಿಗೂ ಕಾನೂನು ವಿದ್ಯಾರ್ಥಿಗಳು ಸಮಾನತೆಯ ಪಾಠದಲ್ಲಿ ಈ ಮೊಕದ್ದಮೆ ಓದುತ್ತಾರೆ. ನಾನೂ ಓದಿದೆ, ಪುಣೆಯಲ್ಲಿ ಕುಳಿತು. ಅದು ನಮ್ಮ ಅಜ್ಜಿಯ ಮನೆಯ ಹತ್ತಿರದ ಗಿರಣಿ ಎಂದು ಗೊತ್ತಾದದ್ದು ರಜೆಗೆ ಊರಿಗೆ ಬಂದಾಗ. ಆ ದಿನ ಓಡಿಹೋಗಿ ಆ ಜಾಗ ನೋಡಿ ಬಂದೆ.

ಆ ರಸ್ತೆಯಲ್ಲಿ ನಿಂತು ಮಕ್ಕಳಿಗೆ ಹೇಳಿ, ಸಂವಿಧಾನದ ಸಮಾನತೆ ಎಂದರೇನು ಎಂದು ಸುಪ್ರೀಂ ಕೋರ್ಟು ಶುರುವಿನಲ್ಲೇ ಕೂತು ಯೋಚಿಸಿದ್ದು ಈ ಗಿರಣಿಯ ಕಾರಣಕ್ಕೆ ಎಂದು.

ಬಾಳಿವೇಸ್ ಕಡೆಯವರು

ಗಿರಣಿಯ ಮಾತು ಸರಿ. ಆದರೆ ಸೊಲ್ಲಾಪುರ 1877ಕ್ಕೆ ಹುಟ್ಟಿದ್ದಲ್ಲ ಅಲ್ವಾ?

ಈ ಊರಿಗೆ ಸುತ್ತ ಗೋಡೆ ಇತ್ತು, ಅಗಸಿಗಳಿದ್ದವು. ಅಗಸಿಗೆ ಮರಾಠಿಯಲ್ಲಿ ವೇಸ್. ಬಾಳಿವೇಸ್, ತುಳಜಾಪುರವೇಸ್, ವಿಜಾಪುರವೇಸ್, ಕುಂಭಾರವೇಸ್. ದಿನಾ ರಿಕ್ಷಾದವರಿಗೆ ಈ ಹೆಸರು ಹೇಳುತ್ತೇವೆ. ಹೋಗಿ ನಿಂತರೆ ಅಗಸಿ ಇಲ್ಲ. ನಾನು ನನ್ನ ಮಗಳನ್ನು ಕರೆದುಕೊಂಡು ಹೋದಾಗ ಒಂದು ಆಟ ಮಾಡಿದೆ. "ನೀನು ಈಗ ಊರೊಳಗಿದ್ದೀಯ. ರಾತ್ರಿ ಅಗಸಿ ಹಾಕಿದ್ದಾರೆ. ಬೆಳಿಗ್ಗೆ ತೆಗೆದರೆ ಮುಂದೆ ಯಾವ ಊರಿನ ದಾರಿ?" ತುಳಜಾಪುರ, ವಿಜಾಪುರ ಎಂದು ತಾನೇ ಹೇಳುತ್ತಾ ಹೋದಳು. ಸಂಜೆಗೆ ಹಳೆಯ ಊರಿನ ನಕ್ಷೆ ಅವಳ ತಲೆಯಲ್ಲಿತ್ತು.

ಇದಕ್ಕಿಂತ ಹಳೆಯ ನಕ್ಷೆಯೂ ಒಂದಿದೆ. 12ನೇ ಶತಮಾನದ ನಮ್ಮ ಸೊನ್ನಲಿಗೆಯ, ಅಂದರೆ ಹಳೆಯ ಸೊಲ್ಲಾಪುರದ, ಸಿದ್ಧರಾಮ ಕೆರೆ ಕಟ್ಟಿಸಿದ, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ ಎಂಬ ನಂಬಿಕೆ. ಜನವರಿಯಲ್ಲಿ ನಡೆಯುವ ಸಿದ್ಧರಾಮೇಶ್ವರನ ಜಾತ್ರೆಯಾದ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳು ಆ 68 ಲಿಂಗಗಳನ್ನು ಸುತ್ತಿ ಬರುತ್ತವೆ. ರಸ್ತೆಗಳು ಬದಲಾದವು, ಗೋಡೆ ಹೋಯಿತು, ಅಂಗಡಿಗಳು ಬಂದವು. ಸುತ್ತುವ ದಾರಿ ಮಾತ್ರ ಆ ಲಿಂಗಗಳಿಗೇ ಕಟ್ಟುಬಿದ್ದಿದೆ. ಸೊನ್ನಲಿಗೆ ಎಷ್ಟು ದೊಡ್ಡದಿತ್ತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮಾತು ಕೂಡ ಅಲ್ಲಿ ಉಳಿದಿದೆ, ಅಕ್ಕೋರೇ. ಇದು ನನಗೆ ತುಂಬಾ ಮುಖ್ಯ. ಮರಾಠಿ ಪತ್ರಿಕೆಗಳು ಜನವರಿಯಲ್ಲಿ 'ಯಣ್ಣಿಮಜ್ಜನ' ಎಂದು ಬರೆಯುತ್ತವೆ. ಅದು ನಮ್ಮ ಎಣ್ಣೆ ಮಜ್ಜನ. ಅಕ್ಷತೆ ಬೀಳುವುದು ಸಮ್ಮತಿ ಕಟ್ಟೆಯ ಹತ್ತಿರ. ಪೂಜೆಯ ಮನೆತನ ಹಿರೇಹಬ್ಬು. ಮನೆಯಲ್ಲಿ ಕನ್ನಡ ಬಿಟ್ಟು ಎರಡು ತಲೆಮಾರು ಆದವರ ಬಾಯಲ್ಲೂ ಆ ದಿನ ಈ ಪದಗಳು ಬರುತ್ತವೆ. ನನ್ನ ಪಕ್ಕದ ಮನೆಯ ಕಾಕಾಗೆ ಯಣ್ಣಿ ಅಂದರೆ ಎಣ್ಣೆ ಎಂದು ಹೇಳಿದಾಗ ಅವರಿಗೆ ಆದ ಖುಷಿ ನೋಡಬೇಕಿತ್ತು. ನಿಮ್ಮ ಮಕ್ಕಳಿಗೆ ಈ ಪದ ಮೊದಲೇ ಗೊತ್ತು. ದೊಡ್ಡ ಊರಿಗೆ ಹೋಗಿ ಭಾಷೆಗೆ ನಾಚಿಕೊಳ್ಳುವ ಹಳ್ಳಿ ಮಕ್ಕಳಿಗೆ ಇದನ್ನು ದಯವಿಟ್ಟು ಹೇಳಿ.

ನಿವೃತ್ತ ರೈಲ್ವೆ ನೌಕರ, ಹೋಟಗಿ

ಬಸ್ಸು ಬಿಡಿ, ರೈಲಿನಲ್ಲಿ ಬನ್ನಿ. ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಹತ್ತಿದರೆ ದಾರಿಯಲ್ಲಿ ನಮ್ಮ ಹೋಟಗಿ ಸಿಗುತ್ತದೆ. ಇಲ್ಲಿಂದ ವಿಜಾಪುರ, ಬಾಗಲಕೋಟೆ, ಗದಗಿಗೆ ಹೋಗುವ ಗಾಡಿ ಒಂದು ಕಾಲಕ್ಕೆ ಮೀಟರ್ ಗೇಜ್. ಜನರ ಮಾತಿನಲ್ಲಿ ಸಣ್ಣ ಗಾಡಿ. ಮುಂಬೈ ಕಡೆಯದು ದೊಡ್ಡ ಗಾಡಿ. ಹಳಿಗಳ ನಡುವೆ ಸಣ್ಣದಕ್ಕೆ 1,000 ಮಿಲಿಮೀಟರ್, ದೊಡ್ಡದಕ್ಕೆ 1,676. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ಹಾಗಾಗಿ ಸಣ್ಣ ಗಾಡಿಯ ಚೀಲಗಳನ್ನು ಹಮಾಲರು ಹೊತ್ತು ದೊಡ್ಡ ಗಾಡಿಗೆ ತುಂಬಬೇಕಿತ್ತು. ಎಷ್ಟೋ ಮನೆಗಳು ಆ ಕೆಲಸದ ಮೇಲೆ ಬದುಕಿದವು. ಹಳಿ ಒಂದೇ ಆಯಿತು, ಪ್ರಯಾಣ ಸುಲಭವಾಯಿತು, ಆ ಕೆಲಸ ಹೋಯಿತು.

ಬರುವಾಗ ಒಂದು ಅಳತೆ ಟೇಪ್ ತನ್ನಿ. ಹಳಿ ಹತ್ತಿರ ಹೋಗಬೇಡಿ. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎರಡೂ ಅಗಲ ಗೆರೆ ಎಳೆಸಿ. ನಾನು ಮೊಮ್ಮಕ್ಕಳಿಗೆ ಹಾಗೇ ತೋರಿಸಿದ್ದು. ಸೊಲ್ಲಾಪುರಕ್ಕೆ ಮುಂಬೈ ಕಡೆಯಿಂದ ರೈಲು ಬಂದದ್ದು 1860ರಲ್ಲಿ. ಗಿರಣಿ ಬಂದದ್ದು ಆಮೇಲೆ. ಈ ಕ್ರಮವನ್ನೂ ಹೇಳಿ.

ಸೆಟ್ಲಮೆಂಟ್ ಕಡೆಯವರು, ಸೊಲ್ಲಾಪುರ

ಎಲ್ಲರೂ ಗಿರಣಿ ಎಂದಿರಿ. ಗಿರಣಿಗೆ ಮುಳ್ಳುತಂತಿಯ ಒಳಗಿಂದ ಕೆಲಸಕ್ಕೆ ಹೋಗಿ, ಮತ್ತೆ ತಂತಿಯ ಒಳಗೆ ಬಂದು ಹಾಜರಿ ಕೊಟ್ಟವರೂ ಇದ್ದರು. ನಮ್ಮ ಹಿರಿಯರು ಅವರು. 1871ರಲ್ಲಿ ಬ್ರಿಟಿಷರು ತಂದ ಕಾನೂನು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದಿತು. ಆಮೇಲೆ ಸೊಲ್ಲಾಪುರದಲ್ಲಿ ತಂತಿ ಹಾಕಿದ ಸೆಟ್ಲಮೆಂಟ್ ಮಾಡಿ ಅಂಥ ಮನೆತನಗಳನ್ನು ಇರಿಸಿದರು. 1952ರ ಆಗಸ್ಟ್ 31ಕ್ಕೆ ಆ ಕಾನೂನು ಇಡೀ ದೇಶದಲ್ಲಿ ಹೋಯಿತು. ತಂತಿ ಹೋಯಿತು, ಬಡಾವಣೆಗೆ ಹೆಸರು ಮಾತ್ರ ಉಳಿಯಿತು.

ನನ್ನ ಅಜ್ಜಿ ಕತ್ತಲಾದರೆ ಇವತ್ತಿಗೂ ಮನೆಯವರ ತಲೆ ಎಣಿಸುತ್ತಾಳೆ.

ಅಕ್ಕೋರೇ, ಮಕ್ಕಳಿಗೆ ಇದನ್ನು ಹೇಳಿ. ಆದರೆ ಸಾಲಾಗಿ ಕರೆತಂದು ನಮ್ಮ ಓಣಿ ತೋರಿಸಬೇಡಿ. ಹಿಂದೆ ಹಾಗೆ ಬಂದವರು ಬಾಗಿಲಲ್ಲಿ ನಿಂತು ಫೋಟೋ ತೆಗೆದರು, ಅಜ್ಜಿ ಒಳಗೆ ಹೋಗಿ ಕುಳಿತಳು. ಬರುವುದಾದರೆ ಇಬ್ಬರು ಮೂವರು ಬನ್ನಿ, ಚಹಾ ಕುಡಿಯೋಣ, ಮಾತಾಡೋಣ.

ಕಾಲೇಜು ವಿದ್ಯಾರ್ಥಿ, ದಕ್ಷಿಣ ಸೊಲ್ಲಾಪುರ

ನಾಲ್ವರು ಹುತಾತ್ಮರ ಪುತ್ಥಳಿಗಳ ಹತ್ತಿರ ಖಂಡಿತ ನಿಲ್ಲಿ. 1930ರ ಮೇನಲ್ಲಿ ಗಾಂಧೀಜಿಯ ಬಂಧನದ ಮೇಲೆ ಊರು ಎದ್ದಿತು, ಪೊಲೀಸರು ಗುಂಡು ಹಾರಿಸಿದರು, ಆಮೇಲೆ ಕೆಲವು ದಿನ ಬ್ರಿಟಿಷ್ ಆಡಳಿತವೇ ಊರಲ್ಲಿ ಇರಲಿಲ್ಲ. ಮೇ 12ಕ್ಕೆ ಮಾರ್ಷಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ. ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾಲ್ಕು ಹೆಸರನ್ನು ಮಕ್ಕಳಿಂದ ಜೋರಾಗಿ ಓದಿಸಿ. ಮೇಲೆ ಒಬ್ಬರು ಚಾಳದ ನಾಲ್ಕು ಭಾಷೆ ಅಂದರಲ್ಲ, ಆ ಊರೇ ಈ ಹೆಸರುಗಳಲ್ಲಿದೆ.

ಇನ್ನೊಂದು, ನನ್ನ ಕಣ್ಣೆದುರೇ ಹೋದದ್ದು. ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿ. ವಿಮಾನಗಳಿಗೆ ಅಡ್ಡಿ ಎಂದು 2023ರ ಜೂನ್ 15ರಂದು ಉರುಳಿಸಿದರು. ಊರಿಗೆ ಬಂದೆವು ಎಂದು ನಮಗೆ ಗೊತ್ತಾಗುತ್ತಿದ್ದದ್ದೇ ಅದನ್ನು ನೋಡಿ. ಬೀಳಲು ಕೆಲವೇ ಸೆಕೆಂಡು. ನನ್ನ ಫೋನಿನಲ್ಲಿ ಅದರದ್ದೊಂದು ಫೋಟೋ ಇಲ್ಲ. ನಿಮ್ಮ ಮಕ್ಕಳಿಗೆ ತಮ್ಮ ಊರಿನ ಅಗಸಿ, ಬಾವಿ, ಹಳೇ ಶಾಲೆ ಈಗಲೇ ಬರೆದಿಡಲು ಹೇಳಿ.

ಶಿಕ್ಷಕಿ, ಅಕ್ಕಲಕೋಟ ತಾಲೂಕು

ಎಲ್ಲರಿಗೂ ಕೈಮುಗಿಯುತ್ತೇನೆ. ಸೆಟ್ಲಮೆಂಟಿನ ಅಣ್ಣಾ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಹಾಗೇ ಮಾಡುತ್ತೇನೆ. ಜನವರಿಯ ಜಾತ್ರೆಗೆ 30 ಮಕ್ಕಳನ್ನು ಆ ಗದ್ದಲದಲ್ಲಿ ಕರೆತರುವ ಧೈರ್ಯ ನನಗಿಲ್ಲ, ಡಿಸೆಂಬರಿಗೇ ಬರುತ್ತೇವೆ, ರೈಲಿನಲ್ಲಿ.

ಮೂರು ಪ್ರಶ್ನೆ ಶನಿವಾರ ಮಕ್ಕಳಿಗೆ ಕೊಟ್ಟೆ. ಸೋಮವಾರ ಒಬ್ಬ ಹುಡುಗಿ ಓಡಿ ಬಂದಳು. ಅವಳ ಅಜ್ಜ ಮನೆಯಲ್ಲಿ ಜಾಸ್ತಿ ಮಾತಾಡುವವರಲ್ಲ. ಯಾವ ದಾರಿಯಲ್ಲಿ ಹೋಗುತ್ತಿದ್ದೆ ಎಂದು ಕೇಳಿದ್ದಕ್ಕೆ ಸುಣ್ಣದ ಕಡ್ಡಿ ತರಿಸಿ ಪಡಸಾಲೆಯ ನೆಲದ ಮೇಲೆ ಸ್ಟೇಷನ್ನಿನಿಂದ ಗಿರಣಿವರೆಗೆ ಬರೆದು ತೋರಿಸಿದರಂತೆ. ಅಜ್ಜಿ ಎರಡು ದಿನ ನೆಲ ಒರೆಸಿಲ್ಲ. ಈಗ ಅಜ್ಜ ತಾನೂ ಬರುತ್ತೇನೆ ಎನ್ನುತ್ತಿದ್ದಾರೆ. ವಯಸ್ಸಾಗಿದೆ, ಕಾಲು ನೋವಿದೆ. ಕರೆತರಲೇ?

ಗಿರಣಿ ಚಾಳದಲ್ಲಿ ಬೆಳೆದವರು, ಸೊಲ್ಲಾಪುರ

ಕರೆತನ್ನಿ. ಸ್ಟೇಷನ್ನಿಗೆ ನಾನು ರಿಕ್ಷಾ ತರುತ್ತೇನೆ, ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ. ರೈಲಿನಲ್ಲಿ ಅಜ್ಜನನ್ನು ಕಿಟಕಿ ಪಕ್ಕ ಕೂರಿಸಿ. ಹೋಟಗಿ ದಾಟಿದ ಮೇಲೆ ಅವರು ಹೊರಗೆ ಚಿಮಣಿಗಳನ್ನು ಹುಡುಕುತ್ತಾರೆ, ನಮ್ಮಪ್ಪನೂ ಹಾಗೇ. ಆಗ ಸ್ವಲ್ಪ ಹೊತ್ತು ಯಾರೂ ಮಾತಾಡಿಸಬೇಡಿ.