‘ಕಂತೆಗೆ ತಕ್ಕ ಬೊಂತೆ’: ನಿಮ್ಮ ಕಡೆ ಬೊಂತೆ ಇನ್ನೂ ಇದೆಯೇ?

ಎಲ್ಲರಿಗೂ ನಮಸ್ಕಾರ.

‘ಕಂತೆಗೆ ತಕ್ಕ ಬೊಂತೆ’ ಅನ್ನುವ ಗಾದೆ ಗೊತ್ತೇ ಇದೆ. ಇಬ್ಬರೂ ಅಷ್ಟಕ್ಕಷ್ಟೇ ಅಂತ ಹೇಳಲು ಬಳಸುತ್ತೇವೆ. ಕೇಳಿಸಿಕೊಂಡವರಿಗೆ ಖುಷಿಯಾಗುವ ಮಾತಲ್ಲ. ಆದರೆ ಗಾದೆಯೊಳಗಿನ ಎರಡು ವಸ್ತುಗಳೂ ಹರಿದ ಬಟ್ಟೆಯನ್ನು ಕೂಡಿಸಿ ಹೊಲಿದವು. ಕಂತೆ ಸಂಸ್ಕೃತದ ‘ಕಂಥಾ’ದಿಂದ ಬಂದದ್ದು, ಜೋಗಿಗಳು ಹೊದೆಯುತ್ತಿದ್ದ ತೇಪೆಯ ಬಟ್ಟೆ. ಬೊಂತೆ ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿದ ದಪ್ಪ ಹೊದಿಕೆ. ತೆಲುಗಿನವರು ಅದಕ್ಕೆ ಈಗಲೂ ‘ಬೊಂತ’ ಅಂತಾರೆ. ‘ಗಂತಕು ತಗ್ಗ ಬೊಂತ’ ಅನ್ನುವ ಗಾದೆಯೂ ಅವರಲ್ಲಿದೆ.

ನಮ್ಮಲ್ಲಿ ಕಂತೆಯ ಹಳೆ ಅರ್ಥ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ನೋಟಿನ ಕಂತೆ, ಅಂತೆಕಂತೆ, ಕಂತೆಪುರಾಣ, ಇಷ್ಟೇ ಉಳಿದಿರುವುದು. ತೇಪೆಯ ಗತಿಯೂ ಅಷ್ಟೇ. ಪತ್ರಿಕೆಗಳಲ್ಲಿ ‘ತೇಪೆ ಹಚ್ಚುವ ಕೆಲಸ’ ಅಂದರೆ ಕಣ್ಣೊರೆಸುವ ಕೆಲಸ. ಹರಿದದ್ದನ್ನು ಸರಿಮಾಡಿ ಬಳಸುವುದಕ್ಕೆ ನಮ್ಮಲ್ಲಿದ್ದ ಪದಗಳಲ್ಲಿ ಹೆಚ್ಚಿನವು ಹೀಗೆ ಬೈಗುಳದ ಕಡೆಗೆ ವಾಲಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಯಾಕೆಂದರೆ ಬೊಂತೆಗೆ ಒಂದು ಕಾಲದಲ್ಲಿ ಬೇರೆಯೇ ಮರ್ಯಾದೆ ಇತ್ತು. 12ನೇ ಶತಮಾನದ ವಚನಕಾರ್ತಿ ಬೊಂತಾದೇವಿಯನ್ನು ನೆನೆಯಿರಿ. ಕಾಶ್ಮೀರದ ರಾಜಕುಮಾರಿ, ಎಲ್ಲ ಬಿಟ್ಟು ಕಲ್ಯಾಣಕ್ಕೆ ಬಂದವಳು, ಬೊಂತೆ ಹೊದ್ದದ್ದರಿಂದಲೇ ಆ ಹೆಸರು ಬಂತು ಅನ್ನುವುದು ಅವಳ ಕಥೆ. ಚಿಂದಿಯ ಹೊದಿಕೆಯೇ ಅವಳ ಹೆಸರಾಯಿತು, ಗೌರವದಿಂದ.

ಈ ಪದಗಳ ಸಂಸಾರದಲ್ಲಿ ಬೈಗುಳವಾಗದೆ ಉಳಿದದ್ದು ‘ಕೌದಿ’, ಅದೂ ಹಳೆ ಬಟ್ಟೆ ಕೂಡಿಸಿ ಹೊಲಿದ ಹೊದಿಕೆಯೇ. ಉತ್ತರ ಕರ್ನಾಟಕದಲ್ಲಿ ಈಗಲೂ ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಹತ್ತಿ ಸೀರೆ ವರ್ಷಗಟ್ಟಲೆ ಒಗೆದು ಒಗೆದು ಗಂಜಿಯೆಲ್ಲ ಹೋಗಿ ಮೆತ್ತಗಾಗಿರುತ್ತದೆ. ಹೊಸ ಬಟ್ಟೆಗೆ ಆ ಮೆದು ಬರುವುದಿಲ್ಲ. ಕೂಸನ್ನು ಮಲಗಿಸಲು ಹಳೆ ಸೀರೆಯ ಕೌದಿಯೇ ಬೇಕು ಅನ್ನುವುದು ಅದಕ್ಕೇ. ‘ಇದು ಅವ್ವನ ಸೀರಿ, ಇದು ಅಜ್ಜನ ಧೋತರ’ ಅಂತ ಒಂದೊಂದು ತುಂಡನ್ನೂ ಮುಟ್ಟಿ ತೋರಿಸುವವರಿದ್ದಾರೆ. ತೀರಿಕೊಂಡವರ ಬಟ್ಟೆ ಎಸೆಯದೆ ಹೀಗೆ ಹೊದ್ದುಕೊಳ್ಳುವುದಕ್ಕಿಂತ ದೊಡ್ಡ ಕೃತಜ್ಞತೆ ನನಗೆ ತೋಚದು.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇದನ್ನು ‘ಕವಂದಿ’ ಅಂತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ ಅವರ ಹೊಲಿಗೆ. ನಾಲ್ಕು ಮೂಲೆಗೂ ಮೂರು ಮೂಲೆಯ ಬಟ್ಟೆ ಮಡಚಿ ಕೂರಿಸುತ್ತಾರೆ. ಅದರ ಹೆಸರು ‘ಫೂಲ್’, ಅಂದರೆ ಹೂವು. ಫೂಲ್ ಇಲ್ಲದ ಕವಂದಿ ಬೆತ್ತಲೆ ಅನ್ನುವುದು ಅವರ ಮಾತು. ಎಲ್ಲವೂ ಚಿಂದಿಯೇ, ಆದರೂ ಹೂವಿಲ್ಲದೆ ಮುಗಿಯುವುದಿಲ್ಲ. ಎಂಥ ಚಂದ, ಅಲ್ವಾ?

ಈಗ ನನ್ನ ಪ್ರಶ್ನೆ. ಹಳೇ ಮೈಸೂರು, ಕೋಲಾರ, ಬಳ್ಳಾರಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಮಾತಿನಲ್ಲಿ ‘ಬೊಂತೆ’ ಗಾದೆಯ ಹೊರಗೆ, ಹೊದೆಯುವ ವಸ್ತುವಿನ ಹೆಸರಾಗಿ ಉಳಿದಿದೆಯೇ? ಅಲ್ಲಿ ಕೌದಿಯನ್ನು ಏನೆಂದು ಕರೆಯುತ್ತಾರೆ? ಹಾಗೆಯೇ, ತೇಪೆ ಹಾಕುವ ಕೆಲಸವನ್ನು ಮೆಚ್ಚಿ ಹೇಳುವ ಪದವೋ ಗಾದೆಯೋ ನಿಮ್ಮ ಹಿರಿಯರ ಬಾಯಲ್ಲಿ ಕೇಳಿದ್ದರೆ, ಯಾವ ಊರಿನದು ಅನ್ನುವುದನ್ನೂ ಸೇರಿಸಿ ಬರೆಯಿರಿ.