ಜಾವಾ 250: ಹಡಗಲ್ಲಿ ಬಂದದ್ದೋ, ಯಾದವಗಿರಿಯಲ್ಲಿ ಹುಟ್ಟಿದ್ದೋ?

ಕಾಫಿತೋಟದ ಮಣಿ: ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ಒಂದು ಎಸ್ಟೇಟಿನ ಗೋಡೌನಿನಲ್ಲಿ ಹಳೇ ಜಾವಾ ಬೈಕ್ ನಿಂತಿದೆ. ಕೊಳ್ಳೋಣ ಅಂತ ಮನಸ್ಸು. ಮಾರೋರು ಹೇಳೋದು: "1958ರ ಗಾಡಿ, ನಮ್ಮ ತಾತ ಬೊಂಬಾಯಿ ಬಂದರಿನಿಂದ ಬಿಡಿಸ್ಕೊಂಡು ಬಂದದ್ದು, ಮೈಸೂರಿನ ಮಾಲಲ್ಲ." ಬೆಲೆಯನ್ನೂ ಅದೇ ಲೆಕ್ಕದಲ್ಲಿ ಏರಿಸಿದ್ದಾರೆ. ನಾನು ಕಂಡಿದ್ದು ಇಷ್ಟು. ಮರೂನ್ ಬಣ್ಣ, ಟ್ಯಾಂಕಿನ ಎರಡೂ ಪಕ್ಕ ಕ್ರೋಮ್, ಎರಡು ಸೈಲೆನ್ಸರ್, ಚಿಕ್ಕ ಗಾಲಿ. ಚೈನು ಪೂರ್ತಿ ಕವರ್ ಒಳಗೆ. ಸ್ಟೀರಿಂಗ್ ಹೆಡ್ ಮೇಲಿನ ತಗಡಿನಲ್ಲಿ 353/04 ಅಂತ ಓದಬಹುದು, ಉಳಿದದ್ದು ಪೇಂಟಿನಡಿ ಮುಚ್ಚಿಹೋಗಿದೆ. ಹಾರ್ನ್ ಮೇಲೆ 'ಪಾಲ್' ಅಂತ ಇದೆ. ನಂಬರ್ ಎಂವೈ ಸರಣಿಯದು. ಆರ್‌ಸಿ ಕಾರ್ಡಿನಲ್ಲಿ ತಯಾರಾದ ವರ್ಷ 1958. ಇಷ್ಟರಲ್ಲಿ ಏನಾದ್ರೂ ಹೇಳಬಹುದಾ?

ಕುಡ್ಲದ ಟೂಸ್ಟ್ರೋಕ್: ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ ಮಾರಾಯ್ರೆ, ಅದು ಜಾವಾ ಹೌದಾ ಅಂತ. 2018ರಲ್ಲಿ ಹೊಸ ಜಾವಾ ಬಂದ ಮೇಲೆ ಹಳೆಯದಕ್ಕೆ ಎಲ್ಲಿಲ್ಲದ ಬೇಡಿಕೆ. ಜಾವಾದ ನಂತರ ಮೈಸೂರಿನಲ್ಲೇ ಬಂದ ಯೆಜ್ಡಿಯ ಚಾಸಿಗೆ ಜಾವಾ ಟ್ಯಾಂಕ್ ಕೂರಿಸಿ, ಮರೂನ್ ಹೊಡೆದು ಮಾರುವವರು ಬೇಕಾದಷ್ಟು ಉಂಟು. ನನ್ನ ಗ್ಯಾರೇಜಿಗೇ ಅಂಥದ್ದು ಬರ್ತದೆ. ಗಾಲಿ 16 ಇಂಚು ಉಂಟಾ ನೋಡಿ, ಟಯರಿನ ಮೇಲೇ ಬರೆದಿರ್ತದೆ. ಹೆಡ್‌ಲೈಟಿನ ಗೂಡು ಫೋರ್ಕಿನ ಜೊತೆ ಒಂದೇ ಮೈಯಾಗಿ ಕೂಡಿದೆಯಾ, ಬೇರೆ ಡೂಮ್ ತಂದು ಬೋಲ್ಟ್ ಹಾಕಿದ್ದಾ, ಅದೂ ನೋಡಿ. ಕಿಕ್ಕರ್ರೇ ಗೇರ್ ಲಿವರ್ ಆಗ್ತದೆ, ಹಾಗಾಗಿ ಜಾವಾ ಅಂತ ಹೇಳಬೇಡಿ. ಅದು ಯೆಜ್ಡಿಯಲ್ಲೂ ಹಾಗೇ.

ಕಾಫಿತೋಟದ ಮಣಿ: ಟಯರ್ 3.25-16. ಹೆಡ್‌ಲೈಟ್ ಫೋರ್ಕಿನ ಜೊತೆ ಒಂದೇ ಮೈ. ಸ್ಪೀಡೋಮೀಟರ್, ಚಾವಿ ಎರಡೂ ಅದರ ನೆತ್ತಿ ಮೇಲೆ.

ಕುಡ್ಲದ ಟೂಸ್ಟ್ರೋಕ್: ಹಾಗಾದ್ರೆ ಮೈ ಜಾವಾದ್ದೇ. ನಮ್ಮ ಮೆಕ್ಯಾನಿಕ್‌ಗಳು 'ಎ ಟೈಪ್' ಹೇಳುವುದು ಇದಕ್ಕೆ. ಎರಡು ಸೈಲೆನ್ಸರ್ ಕಂಡು ಟ್ವಿನ್ ಅಂತ ಮಾತ್ರ ತಿಳಿಯಬೇಡಿ, ಒಂದೇ ಸಿಲಿಂಡರ್, ಹೊಗೆ ಹೋಗುವ ದಾರಿ ಎರಡು.

ಬ್ರನೋ ಕನ್ನಡಿಗ: ನಾನಿರೋದು ಜಾವಾ ಹುಟ್ಟಿದ ಜೆಕ್ ದೇಶದಲ್ಲಿ, ಭಾನುವಾರದ ಹಳೇ ಸಾಮಾನಿನ ಸಂತೆಗಳಲ್ಲಿ ಇವುಗಳ ನಡುವೆಯೇ ಓಡಾಟ. ಇಲ್ಲಿನ ಲೆಕ್ಕ ಹೇಳ್ತೀನಿ. ಯುದ್ಧ ಮುಗಿದ ಕೂಡಲೇ ಬಂದದ್ದು 'ಪೆರಾಕ್', 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಹೆಸರು ಮಾಡಿದ ಗಾಡಿ. ಅದರ ಹಿಂದಿನ ಸ್ಪ್ರಿಂಗ್ ಆಕ್ಸಲ್‌ನ ಎರಡು ಬದಿ ನೆಟ್ಟಗೆ ನಿಂತ ಕೊಳವೆಯೊಳಗೆ ಇರುತ್ತೆ, ಗಾಲಿ ದೊಡ್ಡದು. ಸ್ವಿಂಗ್ ಆರ್ಮ್ (ಹಿಂದಿನ ಗಾಲಿ ಹಿಡಿದು ಮೇಲೆ ಕೆಳಗೆ ಆಡೋ ತೋಳು), 16ರ ಗಾಲಿ ಬಂದದ್ದು ಅದರ ನಂತರದ 'ಕೀವಾಚ್ಕಾ'ಕ್ಕೆ, ಅಂದರೆ 1954ರ ಈಚೆಗೆ. 250 ಸಿಸಿಯ ಕೀವಾಚ್ಕಾಗೆ ಕಾರ್ಖಾನೆ ಕೊಟ್ಟ ಅಂಕಿಯೇ 353. ಹಾಗಾಗಿ ಮಣಿಯವರ ಗಾಡಿ 1954ಕ್ಕಿಂತ ಹಳೆಯದಂತೂ ಅಲ್ಲ. 1958 ಅಸಾಧ್ಯವೂ ಅಲ್ಲ.

ಪೇಪರ್ ಪಕ್ಕಾ: ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ ಸರ್? ಆರ್‌ಸಿ 1958 ಅನ್ನುತ್ತೆ, ತಗಡಿನ ಮೇಲೆ ಜೆಕ್ ಟೈಪ್ ನಂಬರ್ ಇದೆ, ಹಾರ್ನ್ ಜೆಕ್ ಕಂಪನಿಯದು. ಮೂರು ಸಾಕ್ಷಿ ಒಂದೇ ಮಾತು ಹೇಳ್ತಿವೆ. ಇಂಪೋರ್ಟೆಡ್ ಗಾಡಿ. ಕಾನೂನಿಗೆ ಆರ್‌ಸಿಯಲ್ಲಿ ಇರೋದೇ ಸತ್ಯ.

ಯಾದವಗಿರಿ ಹುಡ್ಗ: ಆರ್‌ಸಿಯಲ್ಲಿ ಇರೋದು ಕಾರ್ಡಿಗೆ ಸತ್ಯ ಸ್ವಾಮಿ, ಕಬ್ಬಿಣಕ್ಕಲ್ಲ. ನಿಮ್ಮ ಮೂರು ಸಾಕ್ಷೀಲಿ ಎರಡು ಈಗಲೇ ಬಿದ್ದುಹೋಗುತ್ವೆ, ನೋಡಿ.

353/04 ಜೆಕ್‌ನವರ ಟೈಪ್ ನಂಬರ್ ಅನ್ನೋದು ಸರಿ. ಆದ್ರೆ ಮೈಸೂರಿನಲ್ಲಿ ತಯಾರಾಗಿದ್ದೂ ಅದೇ 353/04. ಇಲ್ಲಿ ಜಾವಾ ಮಾಡಿದ ಕಂಪನಿ ಐಡಿಯಲ್ ಜಾವಾ ಶುರುವಾದದ್ದು 1960ರಲ್ಲಿ, ಮೈಸೂರಿನ ಯಾದವಗಿರಿಯ ಫ್ಯಾಕ್ಟರಿಯನ್ನ ಜಯಚಾಮರಾಜ ಒಡೆಯರ್ ಉದ್ಘಾಟನೆ ಮಾಡಿದ್ದು 1961ರಲ್ಲಿ. ಅಲ್ಲಿ ಮೊದಲನೇ ದಿನವೇ ಎಲ್ಲ ಇಲ್ಲೇ ಎರಕ ಹೊಯ್ದರು ಅಂದ್ಕೊಂಡ್ರಾ? ಪೆಟ್ಟಿಗೇಲಿ ಬಂದ ಜೆಕ್ ಬಿಡಿಭಾಗ ಇಲ್ಲಿ ಜೋಡಿಸ್ತಾ ಇದ್ರು, ಆಮೇಲೆ ಒಂದೊಂದಾಗಿ ಇಲ್ಲೇ ಮಾಡೋಕೆ ಕಲಿತ್ರು. ನಮ್ಮಪ್ಪ ಅಲ್ಲೇ ದುಡಿದವರು, ಮನೇಲಿ ಈ ಮಾತು ಕೇಳ್ಕೊಂಡೇ ಬೆಳೆದಿದ್ದೀನಿ. ಹಾರ್ನ್ ಮೇಲೆ ಪಾಲ್ ಅಂತ ಇದ್ರೆ ಹಾರ್ನ್ ಎಲ್ಲಿಂದ ಬಂತು ಅನ್ನೋದಷ್ಟೇ ಗೊತ್ತಾಗೋದು. ಗಾಡಿ ಎಲ್ಲಿ ಗಾಡಿ ಆಯ್ತು ಅನ್ನೋದು ಗೊತ್ತಾಗಲ್ಲ.

ಹುಬ್ಳಿ ಬುಲೆಟ್: ಇದ ಕಥಿ ನಮ್ಮ ಬುಲೆಟ್‌ನ್ಯಾಗೂ ಐತ್ರಿ. 1955ರಾಗ ಮದ್ರಾಸಿನ್ಯಾಗ ಜೋಡ್ಸಾಕ ಚಾಲೂ ಮಾಡಿದ್ರು, ಸಾಮಾನೆಲ್ಲಾ ಇಂಗ್ಲೆಂಡಿನ ರೆಡಿಚ್‌ದು. ಈಗ ಯಾವನರ ಒಂದು ರೆಡಿಚ್ ಶಿಕ್ಕಾ ಇದ್ದ ಕವರ್ ಸಿಕ್ಕರ ಸಾಕು, ಇಡೀ ಗಾಡಿ 'ಒರಿಜಿನಲ್ ಬ್ರಿಟಿಷ್' ಆಗಿಬಿಡ್ತೈತಿ. ಗುಂಡಿ ನೋಡಿ ಅಂಗಿ ಯಾವೂರ ದರ್ಜಿ ಹೊಲದದ್ದು ಅಂತ ಹೇಳೂ ಮಂದಿ.

ಬ್ರನೋ ಕನ್ನಡಿಗ: ಯಾದವಗಿರಿಯವರ ಮಾತಿಗೆ ಒಂದು ಸೇರಿಸ್ತೀನಿ. ಇಲ್ಲಿ 1962ರ ಹೊತ್ತಿಗೆ 353ನ್ನು ಬಿಟ್ಟು ಮುಂದಿನ ಮಾಡೆಲ್ 559ಕ್ಕೆ ಹೋದರು. ಮೈಸೂರಿನವರು 353ನ್ನೇ ಅದಾದ ಮೇಲೂ ವರ್ಷಗಟ್ಟಲೆ ಮಾಡಿದರು. ಇಲ್ಲಿನ ಹುಡುಗರಿಗೆ ಭಾರತದ ಎ ಟೈಪ್ ಫೋಟೋ ತೋರಿಸಿದರೆ ನೋಡಿದ ಕೂಡಲೇ ಐವತ್ತರ ದಶಕ ಅಂತಾರೆ. ರೂಪ ನೋಡಿ ವರ್ಷ ಹೇಳೋದು ಜೆಕ್ ಗಾಡಿಗೆ ಆಗಬಹುದು, ನಮ್ಮದಕ್ಕೆ ಆಗಲ್ಲ.

ಪೇಪರ್ ಪಕ್ಕಾ: ಸರಿ, ಟೈಪ್ ನಂಬರ್, ಹಾರ್ನ್ ಬಿಡಿ. ವರ್ಷ? 1958ರಲ್ಲಿ ಮೈಸೂರು ಫ್ಯಾಕ್ಟರಿಯೇ ಇರಲಿಲ್ಲ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಅದು ಆಮದೇ ಆಗಬೇಕು. ಆ ಕಾಲಕ್ಕೆ ರುಸ್ತುಂ ಇರಾನಿಯವರು ಮುಂಬೈಗೆ ಜಾವಾ ತರಿಸುತ್ತಿದ್ದದ್ದು ಗೊತ್ತಿರೋ ವಿಷಯ. ತಾತ ಬೊಂಬಾಯಿಯಿಂದ ತಂದರು ಅನ್ನೋದಕ್ಕೂ ತಾಳೆ ಆಗುತ್ತೆ.

ಯಾದವಗಿರಿ ಹುಡ್ಗ: ಮಣಿ, ಕಾರ್ಡಿನಲ್ಲಿ ತಯಾರಕರ ಹೆಸರು ಅಂತ ಒಂದು ಕಾಲಂ ಇರುತ್ತೆ. ಅಲ್ಲಿ ಏನಿದೆ?

ಕಾಫಿತೋಟದ ಮಣಿ: ಫೋಟೋ ತರಿಸ್ಕೊಂಡೆ. "ಐಡಿಯಲ್ ಜಾವಾ".

ಹುಬ್ಳಿ ಬುಲೆಟ್: ಆತಲ್ರೀ! ಕಂಪನಿ ಹುಟ್ಟೂಕಿಂತ ಎರಡು ವರ್ಷ ಮೊದಲ ಗಾಡಿ ಹುಟ್ಟೇತಿ. ಪಕ್ಕಾ ಅವ್ರ, ಈಗ ಯಾವ ಸತ್ಯ ಇಟ್ಕೊಳ್ಳೋಣ್ರಿ, ವರ್ಷದ್ದೋ ಹೆಸರಿಂದೋ?

ಪೇಪರ್ ಪಕ್ಕಾ: ನಗಬೇಡಿ. ಹಳೇ ಕೈಬರಹದ ರಿಜಿಸ್ಟರುಗಳನ್ನ ಕಂಪ್ಯೂಟರಿಗೆ ಏರಿಸೋವಾಗ ಇಂಥದ್ದು ಎಲ್ಲ ಕಡೆ ಆಗಿದೆ. ಜಾವಾ ಅಂತ ಬರೆದಿದ್ದನ್ನ ಪಟ್ಟಿಯಲ್ಲಿ ಸಿಗೋ 'ಐಡಿಯಲ್ ಜಾವಾ'ಕ್ಕೆ ಟಿಕ್ ಮಾಡಿರ್ತಾರೆ. ಅಥವಾ ಹೆಸರು ಸರಿಯಾಗಿದ್ದು, 6ರ ಒಂದು ಗೆರೆ ಮಾಸಿ 5 ಆಗಿರುತ್ತೆ, 1968 ಹೋಗಿ 1958. ಯಾವುದು ಅಂತ ಕಾರ್ಡ್ ನೋಡಿ ಹೇಳೋಕಾಗಲ್ಲ. ಆರ್‌ಟಿಒ ಆಫೀಸಲ್ಲಿ ಬಿ-ಎಕ್ಸ್‌ಟ್ರ್ಯಾಕ್ಟ್ (ನೋಂದಣಿ ದಾಖಲೆಯ ನಕಲು) ತೆಗೆಸಿ, ಜೊತೆಗೆ ಮೂಲ ರಿಜಿಸ್ಟರಿನ ಪುಟ ತೋರಿಸಿ ಅಂತ ಅರ್ಜಿ ಕೊಡಿ. ಕಾಗದವನ್ನ ಸುಳ್ಳು ಮಾಡೋಕೂ ಕಾಗದವೇ ಬೇಕು.

ಯಾದವಗಿರಿ ಹುಡ್ಗ: ಇದನ್ನ ಒಪ್ತೀನಿ. ನಂಬರ್ ಪ್ಲೇಟೂ ಸ್ವಲ್ಪ ಮಾತಾಡುತ್ತೆ. ಎಂವೈ ಅಂದ್ರೆ ಮೈಸೂರು ರಾಜ್ಯದ ಕಾಲದ್ದು. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಬದಲಾಯ್ತು. ಆದ್ರೆ ನಂಬರ್ ಹೇಳೋದು ಈ ರಾಜ್ಯದಲ್ಲಿ ಯಾವಾಗ ನೋಂದಣಿ ಆಯ್ತು ಅಂತ. ಬೊಂಬಾಯಿಯಲ್ಲಿ ನೋಂದಾಯಿಸಿ ಆಮೇಲೆ ಇಲ್ಲಿಗೆ ತಂದಿದ್ರೆ ಇಲ್ಲಿ ಹೊಸ ನಂಬರ್ ಕೊಟ್ಟಿರ್ತಾರೆ.

ಕುಡ್ಲದ ಟೂಸ್ಟ್ರೋಕ್: ನಮ್ಮ ಕಡೆ ಇನ್ನೊಂದು ತಮಾಷೆ ಉಂಟು. 1956ಕ್ಕಿಂತ ಮೊದಲು ಮಂಗಳೂರು ಮದ್ರಾಸಿಗೆ ಸೇರಿದ್ದು. ಅಂದಿನ ಮದ್ರಾಸ್ ನಂಬರಿನ ಗಾಡಿ ಕಂಡರೆ ಜನ "ತಮಿಳುನಾಡಿಂದ ತಂದದ್ದು" ಹೇಳ್ತಾರೆ. ಗಾಡಿ ಹಂಪನಕಟ್ಟೆ ಬಿಟ್ಟು ಆಚೆ ಹೋಗಿರುವುದಿಲ್ಲ!

ಹುಬ್ಳಿ ಬುಲೆಟ್: ನಮ್ಮ ಹುಬ್ಬಳ್ಳಿ ಮುಂಬೈ ರಾಜ್ಯದಾಗ ಇತ್ತು. ಹಂಗಾರ ನಾವೆಲ್ಲಾ ಇಂಪೋರ್ಟೆಡ್ ಮಂದಿ.

ಬ್ರನೋ ಕನ್ನಡಿಗ: ಸ್ಪೀಡೋಮೀಟರ್ ಮೈಲಿಯಲ್ಲಿದೆಯಾ, ಕಿಲೋಮೀಟರಿನಲ್ಲಿದೆಯಾ? ನಮ್ಮ ಭಾರತ ಮೆಟ್ರಿಕ್‌ಗೆ ತಿರುಗಿದ್ದು ಐವತ್ತರ ದಶಕದ ಕೊನೆಯಲ್ಲಿ. ಮೈಲಿ ಇದ್ದರೆ ಅಷ್ಟರಮಟ್ಟಿಗೆ ಒಂದು ಸುಳಿವು.

ಕುಡ್ಲದ ಟೂಸ್ಟ್ರೋಕ್: ಹಳೇ ಗಾಡಿಯಲ್ಲಿ ಮೊದಲು ಹಾಳಾಗುವುದೇ ಸ್ಪೀಡೋಮೀಟರ್, ಸಿಕ್ಕಿದ್ದು ತಂದು ಹಾಕ್ತಾರೆ. ಅದನ್ನು ಸುಳಿವು ಅಂತ ನಾನು ಹೇಳುವುದಿಲ್ಲ. ನೋಡಬೇಕಾದ್ದು ಬೇರೆ. ಸ್ಟೀರಿಂಗ್ ಹೆಡ್ ಮೇಲಿನ ಪೇಂಟ್ ಥಿನ್ನರಿನಲ್ಲಿ ನಿಧಾನ ತೆಗೆಯಿರಿ, ಸ್ಯಾಂಡ್ ಪೇಪರ್ ಮುಟ್ಟಬೇಡಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಚಾಸಿ ನಂಬರಿನ ಅಚ್ಚು ತೆಗೆಯಿರಿ. ಎಂಜಿನ್ ಕೇಸಿನದ್ದೂ ಹಾಗೇ. ಅಂಕಿಗಳ ಆಳ ಒಂದೇ ಉಂಟಾ, ಸಾಲು ನೇರ ಉಂಟಾ, ಸುತ್ತ ಗ್ರೈಂಡ್ ಮಾಡಿದ ಗುರುತು ಉಂಟಾ ನೋಡಿ. ತಗಡಿನ ರಿವೆಟ್ ಹಳೆಯದಾ, ಮೊನ್ನೆ ಹೊಡೆದದ್ದಾ, ಅದೂ ಮುಖ್ಯ. ತಗಡನ್ನು ಬೇರೆ ಗಾಡಿಯಿಂದ ಕಿತ್ತು ತಂದು ಹೊಡೆಯುವುದು ಐದು ನಿಮಿಷದ ಕೆಲಸ.

ಪೇಪರ್ ಪಕ್ಕಾ: ಮಣಿಯವರೇ, ನಿಮಗೆ ವಿಂಟೇಜ್ ನೋಂದಣಿ ಬೇಕು ಅಂತಿದ್ರೆ 1958 ಆದ್ರೂ 1968 ಆದ್ರೂ ಒಂದೇ. 2021ರ ನಿಯಮ ಕೇಳೋದು ಮೊದಲ ಮಾರಾಟದ ನಂತರದ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪ ಕೆಡಿಸಿರಬಾರದು ಅಂತ. ಮೊದಲಿಂದ ನೋಂದಣಿ ಇರೋ ಗಾಡಿಗೆ ಹಳೇ ನಂಬರ್ ಉಳಿಸ್ಕೊಳ್ಳೋಕೆ ಅವಕಾಶ ಇದೆ. ಹೊಸದಾಗಿ ಮಾಡಿಸೋದಾದ್ರೆ 20,000 ರೂಪಾಯಿ ಶುಲ್ಕ, ನಂಬರಿನಲ್ಲಿ ವಿಎ ಅಕ್ಷರ ಬರುತ್ತೆ. ಆದ್ರೆ ಪ್ರದರ್ಶನ, ರ‍್ಯಾಲಿ ಬಿಟ್ಟು ದಿನಾ ಓಡಿಸೋ ಹಾಗಿಲ್ಲ. ತೋಟಕ್ಕೂ ಪೇಟೆಗೂ ಓಡಿಸೋ ಆಸೆ ಇದ್ರೆ ಆ ದಾರಿ ಬೇಡ.

ಯಾದವಗಿರಿ ಹುಡ್ಗ: ಅಂದ್ರೆ ವರ್ಷದ ಗಲಾಟೆ ಎಲ್ಲ ಬೆಲೆಗೆ ಮಾತ್ರ. ನನಗೆ ಅರ್ಥವಾಗದ್ದು ಅದೇ. ಆಮದು ಅಂದ್ರೆ ಜಾಸ್ತಿ, ಮೈಸೂರು ಅಂದ್ರೆ ಕಮ್ಮಿ ಯಾಕೆ? ಅದೇ ನಕ್ಷೆ, ಅದೇ 248 ಸಿಸಿ, ಅದೇ 65ಕ್ಕೆ 75ರ ಬೋರ್-ಸ್ಟ್ರೋಕ್ (ಸಿಲಿಂಡರಿನ ಅಗಲ, ಪಿಸ್ಟನ್ ಓಡೋ ದೂರ, ಮಿಲಿಮೀಟರಿನಲ್ಲಿ). ಜೆಕ್‌ನವರು ಕೈಬಿಟ್ಟ ಮಾಡೆಲ್ಲನ್ನ ನಮ್ಮ ರಸ್ತೆಗೆ ಒಗ್ಗಿಸಿ ಓಡಿಸಿದವರು ಇಲ್ಲಿನವರು. 1973ರಿಂದ ಯೆಜ್ಡಿ ಹೆಸರಲ್ಲಿ, 1996ರಲ್ಲಿ ಬಾಗಿಲು ಹಾಕೋವರೆಗೂ. ಮೈಸೂರಿನ ಮೊದಮೊದಲ ಗಾಡಿ ಸಿಕ್ಕಿದ್ರೆ ನಾನಂತೂ ಬೊಂಬಾಯಿ ಬಂದರಿನದ್ದಕ್ಕಿಂತ ಎರಡು ರೂಪಾಯಿ ಜಾಸ್ತಿನೇ ಕೊಡ್ತೀನಿ.

ಬ್ರನೋ ಕನ್ನಡಿಗ: ಅದು ಊರ ಅಭಿಮಾನ ಸರ್, ಮಾರುಕಟ್ಟೆ ಅಲ್ಲ. ಅಪರೂಪಕ್ಕೆ ಬೆಲೆ. ಫ್ಯಾಕ್ಟರಿಗೆ ಮೊದಲು ಬಂದ ಗಾಡಿಗಳು ಕಡಿಮೆ, ಉಳಿದವು ಇನ್ನೂ ಕಡಿಮೆ.

ಯಾದವಗಿರಿ ಹುಡ್ಗ: ಊರ ಅಭಿಮಾನ ಅಂತಲೇ ಇಟ್ಕೊಳ್ಳಿ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನಕ್ಕೆ ಸಾಲುಗಟ್ಟೋ ಗಾಡಿಗಳನ್ನ ಎಣಿಸಿ, ಎಲ್ಲಿ ಹುಟ್ಟಿದವು ಜಾಸ್ತಿ ಅಂತ.

ಕಾಫಿತೋಟದ ಮಣಿ: ತಡವಾಯ್ತು, ಕ್ಷಮಿಸಿ. ಬಿ-ಎಕ್ಸ್‌ಟ್ರ್ಯಾಕ್ಟ್ ಸಿಕ್ಕಿತು, ರಿಜಿಸ್ಟರಿನ ಪುಟವನ್ನೂ ಪುಣ್ಯಾತ್ಮರೊಬ್ಬರು ಹುಡುಕಿ ತೋರಿಸಿದರು. ಮೊದಲ ನೋಂದಣಿ 1964. ತಯಾರಕರು ಐಡಿಯಲ್ ಜಾವಾ, ಮೈಸೂರು. ಚಾಸಿ ನಂಬರ್ ಪೆನ್ಸಿಲ್ ಅಚ್ಚಿನ ಜೊತೆ ಅಂಕಿ ಅಂಕಿಗೂ ಹೊಂದುತ್ತೆ, ಗ್ರೈಂಡ್ ಗುರುತು ಇಲ್ಲ. ಆದ್ರೆ ಎಂಜಿನ್ ನಂಬರ್ ಬೇರೆ! ರಿಜಿಸ್ಟರಿನಲ್ಲಿ ಇರೋದು ಒಂದು, ಕೇಸಿನ ಮೇಲೆ ಇರೋದು ಇನ್ನೊಂದು. ಮಾರೋರಿಗೆ ಹೇಳಿದ್ರೆ, "ತಾತನ ಹತ್ರ ಮೊದಲು ಇನ್ನೊಂದು ಜಾವಾ ಇತ್ತಂತೆ, ಬಿದ್ದು ಚಾಸಿ ಬಗ್ಗಿಹೋಯ್ತಂತೆ" ಅಂತ ಈಗ ನೆನಪು ಮಾಡ್ಕೊಂಡ್ರು.

ಕುಡ್ಲದ ಟೂಸ್ಟ್ರೋಕ್: ಮುಗಿಯಿತಲ್ಲ! ಬಗ್ಗಿದ ಗಾಡಿಯ ಎಂಜಿನ್ ಎತ್ತಿ ಇದಕ್ಕೆ ಕೂರಿಸಿದ್ದಾರೆ. 353ರದ್ದು 353ಕ್ಕೆ ಹೇಗೂ ಕೂತುಕೊಳ್ತದೆ. ತಾತ ಹೇಳಿದ್ದೂ ಸುಳ್ಳಲ್ಲ, ರಿಜಿಸ್ಟರ್ ಹೇಳಿದ್ದೂ ಸುಳ್ಳಲ್ಲ.

ಯಾದವಗಿರಿ ಹುಡ್ಗ: ಇರಬಹುದು ಅನ್ನಿ, ಆಯ್ತು ಅನ್ನಬೇಡಿ. ಅರವತ್ತು ವರ್ಷದಲ್ಲಿ ಯಾವ ಗುಜರಿಯಿಂದ ಬೇಕಾದ್ರೂ ಎಂಜಿನ್ ಬಂದಿರಬಹುದು. ಮಾರೋರಿಗೆ ಈ ನೆನಪು ಬಂದ ಹೊತ್ತು ನೋಡಿ, ಬೆಲೆ ಇಳಿಸಿ ಅಂದ ಮೇಲೆ.

ಬ್ರನೋ ಕನ್ನಡಿಗ: ಎಂಜಿನ್ ನಂಬರಿನ ಅಚ್ಚಿನ ಫೋಟೋ ನನಗೆ ಕಳಿಸಿ. ಕೀವಾಚ್ಕಾಗಳನ್ನೇ ರಿಪೇರಿ ಮಾಡೋ ಮುದುಕರೊಬ್ಬರು ಇಲ್ಲಿ ನನಗೆ ಪರಿಚಯ, ಅಂಕಿಗಳ ಅಚ್ಚು ಜೆಕ್ ಕಾರ್ಖಾನೆಯದೋ ಅಲ್ಲವೋ ಅವರು ನೋಡಿ ಹೇಳ್ತಾರೆ. ಅಲ್ಲಿಯವರೆಗೆ 1958 ಅನ್ನೋದನ್ನ ಎಂಜಿನ್‌ಗೂ ಅಂಟಿಸೋದು ಬೇಡ.

ಪೇಪರ್ ಪಕ್ಕಾ: ಅದಕ್ಕಿಂತ ಮೊದಲಿನ ಕೆಲಸ: ಆ ಎಂಜಿನ್ ನಂಬರ್ ಕಳವಿನ ದಾಖಲೆಯಲ್ಲಿ ಇಲ್ಲ ಅಂತ ಪೊಲೀಸರ ಹತ್ರ ಖಾತ್ರಿ ಮಾಡಿಸ್ಕೊಳ್ಳಿ. ಎಂಜಿನ್ ಬದಲಾವಣೆಯನ್ನೂ ವರ್ಷದ ತಿದ್ದುಪಡಿಯನ್ನೂ ಈಗಿನ ಮಾಲೀಕರೇ ಅವರ ಹೆಸರಲ್ಲಿ ಆರ್‌ಸಿಗೆ ಸೇರಿಸಿ ಕೊಡಲಿ. ಅದಾಗೋವರೆಗೆ ಅಡ್ವಾನ್ಸ್ ಕೊಡಬೇಡಿ, ಸಾವಿರ ರೂಪಾಯಿನೂ.

ಹುಬ್ಳಿ ಬುಲೆಟ್: ಎಲ್ಲಾ ಆತು, ಒಂದ್ ಮಾತು ಯಾರೂ ಕೇಳಲಿಲ್ಲ. ಕಿಕ್ ಹೊಡದ್ರ ಚಾಲೂ ಆಗ್ತೈತೋ ಇಲ್ಲೋ?

ಕಾಫಿತೋಟದ ಮಣಿ: ಕಿಕ್ಕರ್ ಕೆಳಗೇ ಇಳಿಯಲ್ಲ ಸಾರ್, ಜಾಮ್ ಆಗಿದೆ.

ಕುಡ್ಲದ ಟೂಸ್ಟ್ರೋಕ್: ಒತ್ತಾಯ ಮಾಡಬೇಡಿ. ಪ್ಲಗ್ ಬಿಚ್ಚಿ ಡೀಸೆಲ್ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಹೇಳಿ, ಬೇರೆ ಥ್ರೆಡ್‌ನಲ್ಲಿ.