ಪಾಳಿ ಕೆಲಸದವರು ಇಷ್ಟಲಿಂಗ ಪೂಜೆ ಹೇಗೆ ನಿಭಾಯಿಸುತ್ತೀರಿ?

ಪಾಳಿ_ಶರಣ ಕೇಳಿದ್ದು:

ಶರಣು ಶರಣಾರ್ಥಿ. ದೀಕ್ಷೆ ಆಗಿ ಎರಡು ತಿಂಗಳು. ಒಂದು ವಾರ ಬೆಳಿಗ್ಗೆ 6ರ ಪಾಳಿ, ಇನ್ನೊಂದು ವಾರ ರಾತ್ರಿ 10ರದ್ದು. ಪೂಜೆಗೆ ಸಿಗುವುದು ಹೆಚ್ಚೆಂದರೆ 20 ನಿಮಿಷ. ಎಡ ಅಂಗೈಯಲ್ಲಿ ಲಿಂಗ ಹಿಡಿದು ಅದರ ಮೇಲೆ ದೃಷ್ಟಿ ಇಟ್ಟ ಎರಡೇ ನಿಮಿಷಕ್ಕೆ ಎಡಗೈ ನಡುಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಲಿಂಗದ ಮೇಲಿನ ಕಪ್ಪು ಲೇಪ ಒಂದು ಕಡೆ ಮಂಕಾಗಿದೆ. ರಾತ್ರಿ ಪಾಳಿಯ ವಾರ ಯಾವ ಹೊತ್ತಿಗೆ ಕೂರಬೇಕು ಎನ್ನುವುದೂ ತಿಳಿಯುತ್ತಿಲ್ಲ.

ಕರಡಿಗೆ:

ಶರಣಾರ್ಥಿ. 20 ನಿಮಿಷ ಧಾರಾಳವಾಯ್ತು. ವಿಭೂತಿ, ಮಜ್ಜನ (ಲಿಂಗಕ್ಕೆ ನೀರೆರೆಯೋದು), ಪತ್ರೆ ಎಲ್ಲ ಸೇರಿ 5 ನಿಮಿಷ. ಷಡಕ್ಷರಿ (ಓಂ ನಮಃ ಶಿವಾಯ) 108 ಜಪ, ಒಂದಕ್ಕೆ 3–4 ಸೆಕೆಂಡ್ ಅಂದ್ರೂ ಹೆಚ್ಚೆಂದರೆ 7 ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತೆ. ಉಳಿದದ್ದು ದೃಷ್ಟಿಗೆ. ಮಂತ್ರ ಮಾತ್ರ ನಿಮ್ಮ ಗುರುಗಳು ಕೊಟ್ಟದ್ದೇ ಇರಲಿ. ಬಸವಮಂತ್ರ ಹೇಳುವವರೂ ಇದ್ದಾರೆ, ಷಡಕ್ಷರಿ ಹೇಳುವವರೂ ಇದ್ದಾರೆ. ಇಲ್ಲಿ ಯಾರೋ ಹೇಳಿದರು ಅಂತ ಬದಲಿಸೋದು ಬೇಡ.

ಕೈ ನಡುಗೋದು ಮೊಣಕೈಗೆ ಆಸರೆ ಇಲ್ಲದ್ದಕ್ಕೆ. ಪದ್ಮಾಸನ ಬಾರದಿದ್ದರೆ ಚಕ್ಕಳಮಕ್ಕಳ ಹಾಕಿ ಕೂತು, ಎಡ ತೊಡೆಯ ಮೇಲೆ ಟವೆಲ್ ಸುತ್ತಿಟ್ಟು ಅದರ ಮೇಲೆ ಮೊಣಕೈ ಊರಿ. ಬಲಗೈ ಎಡ ಮಣಿಕಟ್ಟಿನ ಕೆಳಗೆ. ಲಿಂಗ ಮುಖದಿಂದ ಸುಮಾರು ಒಂದಡಿ ದೂರ, ಗಲ್ಲದ ಮಟ್ಟಕ್ಕೆ ಬರಲಿ. ತೊಡೆ ಮೇಲೇ ಅಂಗೈ ಇಟ್ಟರೆ ಕತ್ತು ಬಗ್ಗುತ್ತೆ, ನಾಲ್ಕು ದಿನಕ್ಕೆ ಹೆಗಲು ನೋವು ಶುರು.

ಕಣ್ಣಿನ ವಿಚಾರಕ್ಕೆ ಬಂದರೆ, ರೆಪ್ಪೆ ಬಡಿಯದಿರೋದೇ ಸಾಧನೆ ಅಂತ ಹಲವರು ತಿಳಿದಿದ್ದಾರೆ. ಹಟಕ್ಕೆ ಬಿದ್ದರೆ ಕಣ್ಣು ಒಣಗುತ್ತೆ, ಒಣಗಿದ ಕಣ್ಣು ನೀರು ಸುರಿಸುತ್ತೆ, ಅದರಲ್ಲಿ ಅಧ್ಯಾತ್ಮ ಏನೂ ಇಲ್ಲ. ಅರೆಗಣ್ಣಲ್ಲಿ ನೋಡಿ, ರೆಪ್ಪೆ ತಾನಾಗಿ ಬಡಿದರೆ ಬಡಿಯಲಿ. ಮೊದಲ ತಿಂಗಳು 2 ನಿಮಿಷ ನೋಡಿ, 1 ನಿಮಿಷ ಕಣ್ಣು ಮುಚ್ಚಿ ಅದೇ ರೂಪ ಒಳಗೆ ಕಾಣುತ್ತಾ ನೋಡಿ. ಇದು ಎರಡು ಸುತ್ತು. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಪೂಜೆ ಮುಗಿಸಿಯೇ ಹಾಕಿಕೊಳ್ಳಿ. ಗ್ಲಾಕೋಮಾ ಇದ್ದವರು ವೈದ್ಯರನ್ನು ಕೇಳದೆ ಎವೆಯಿಕ್ಕದ ದೃಷ್ಟಿಗೆ ಹೋಗಬೇಡಿ.

ಬೆಳಕನ್ನೂ ನೋಡಿಕೊಳ್ಳಿ. ಟ್ಯೂಬ್‌ಲೈಟ್ ಕೆಳಗೆ ಕೂತರೆ ಲಿಂಗದ ಮೇಲೆ ಉದ್ದನೆ ಬಿಳಿ ಗೆರೆ ಬೀಳುತ್ತೆ, ಕಣ್ಣು ಅದರ ಹಿಂದೆಯೇ ಓಡುತ್ತೆ. ದೊಡ್ಡ ದೀಪ ಆರಿಸಿ, ಒಂದೇ ಹಣತೆ ಪಕ್ಕಕ್ಕೆ, ನೇರ ಕಣ್ಣಿಗೆ ಬೀಳದ ಹಾಗೆ ಇಡಿ. ಕಪ್ಪು ಮೈಮೇಲೆ ಒಂದು ಸಣ್ಣ ಬೆಳಕಿನ ಚುಕ್ಕೆ ಮೂಡುತ್ತೆ, ದೃಷ್ಟಿ ನಿಲ್ಲಬೇಕಾದ್ದು ಅಲ್ಲೇ. ಫ್ಯಾನ್ ಓಡ್ತಾ ಇದ್ದರೆ ಜ್ವಾಲೆ ಕುಣಿದು ಚುಕ್ಕೆಯೂ ಕುಣಿಯುತ್ತೆ. ಬೇಸಿಗೆಯಲ್ಲಿ ಫ್ಯಾನ್ ಬಿಡಲಾಗದಿದ್ದರೆ ಝೀರೋ ಬಲ್ಬ್ ಸಾಕು.

ಮಲಪ್ರಭೆ_ದಂಡಿ:

ಲೇಪದ್ದು ನಾ ಹೇಳ್ತೀನ್ರಿ. ಮಂಕಾಗೋದು ಬಹಳ ಮಾಡಿ ಬಿಸಿನೀರು, ಸಾಬೂನು ಇಲ್ಲಾ ತಿಕ್ಕೋದರಿಂದ. ತಣ್ಣೀರು ನಾಕು ಹನಿ ಸಾಕ್ರಿ. ಗಂಧ ಹಚ್ಚಿದ್ರ ಒಣಗಾಕ ಬಿಡಬ್ಯಾಡ್ರಿ. ಒಣಗಿದ ಗಂಧ ಒರೆಸುವಾಗ ಮರಳಿನಂಗ ಗೀರತೈತಿ. ಹಳೇ ಮೆತ್ತನ ಹತ್ತಿ ಬಟ್ಟಿಲೆ ಒತ್ತಿ ತಗೀರಿ, ತಿಕ್ಕಬ್ಯಾಡ್ರಿ. ಕರ್ಪೂರದ ಆರತಿ ದೂರದಿಂದ ಬೆಳಗ್ರಿ, ಶಾಖ ತಾಗಿದ್ರ ಲೇಪ ಹಾಳಾಗತೈತಿ. ಪೂರಾ ಆರಿದ ಮ್ಯಾಲೆ ಕರಡಿಗ್ಯಾಗ, ಅಂದ್ರ ಲಿಂಗ ಇಡೋ ಡಬ್ಬ್ಯಾಗ, ಇಡ್ರಿ. ಬಿರುಕು ಬಿಟ್ಟಿದ್ರ ಮನ್ಯಾಗ ಏನೂ ಹಚ್ಚಾಕ ಹೋಗಬ್ಯಾಡ್ರಿ, ದೀಕ್ಷೆ ಕೊಟ್ಟ ಮಠಕ್ಕ ಒಯ್ದು ತೋರಿಸ್ರಿ.

ಕರಡಿಗಿ ಕೊಳ್ಳಾಗ ಹಾಕ್ಕೊಳ್ಳೋ ಶಿವದಾರಾನೂ ನೋಡ್ಕೊಳ್ರಿ. ಬೆವರಿಗೆ ನೂಲು ಕೊಳೀತೈತಿ, ಹರಿಯೋದು ಗಂಟಿನ ಹತ್ರಾನ. ಗಂಟು ಬಿರುಸಾತು ಅನಿಸಿದ ದಿನಾನ ಬದಲಿಸ್ರಿ.

ಲಕ್ಕಮ್ಮನ_ಕೇರಿ:

ರಾತ್ರಿ ಪಾಳಿಯ ವಾರ ಗಡಿಯಾರ ಮರೆತುಬಿಡಿ. ಪೂಜೆಯನ್ನು ಸ್ನಾನಕ್ಕೆ ಮತ್ತು ಪ್ರಸಾದಕ್ಕೆ ಕಟ್ಟಿ: ನಿದ್ದೆ ಮುಗಿಸಿ, ಮಿಂದು, ತುತ್ತು ಬಾಯಿಗಿಡುವ ಮುಂಚೆ. ಮಧ್ಯಾಹ್ನ 3 ಆದರೂ ಸರಿ. ಪಾಳಿ ಮುಗಿಸಿ ಬಂದ ತಕ್ಷಣ ಕೂತರೆ ದೃಷ್ಟಿಯ ಮೊದಲ ನಿಮಿಷಕ್ಕೇ ತೂಕಡಿಕೆ, ಲಿಂಗ ಕೈಜಾರುವ ಭಯ ಬೇರೆ. ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ: ಜಾತಿ, ಜನನ, ಮರಣ, ರಜಸ್ಸು, ಎಂಜಲು, ಈ ಐದು ಸೂತಕಗಳನ್ನೂ ಶರಣರು ಒಪ್ಪಲಿಲ್ಲ. ತಿಂಗಳ ಆ ದಿನಗಳಲ್ಲಿ ಲಿಂಗ ಬಿಚ್ಚಿಡಬೇಕಿಲ್ಲ, ಪೂಜೆ ಬಿಡಬೇಕಿಲ್ಲ.

ಆದರೆ ಇಲ್ಲಿ ಎಲ್ಲರೂ ಆ 20 ನಿಮಿಷದ ಬಗ್ಗೆಯೇ ಹೇಳುತ್ತಿದ್ದೀರಿ. ಇಷ್ಟಲಿಂಗ ಮೈಮೇಲೇ ಇರುವುದು ಉಳಿದ 8 ತಾಸಿನ ಪಾಳಿಗಾಗಿ. ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ, ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಬಿದ್ದಿದ್ದಲ್ಲೇ ಸುರಿದು ಬಾ ಎಂದು ಕಳಿಸಿದಳು. ಪಾಳಿಯವರಿಗೆ ಇದರ ಅರ್ಥ ನೇರ: ಮಾಡದ ಓವರ್‌ಟೈಮ್ ಬರೆಯಬೇಡಿ, ಮುಂದಿನ ಪಾಳಿಯವನಿಗೆ ಯಂತ್ರದ ದೋಷ ಮುಚ್ಚಿಟ್ಟು ಹೋಗಬೇಡಿ. ದಾಸೋಹಕ್ಕೆ ಸಂಬಳದಲ್ಲಿ ಇಷ್ಟು ಎಂದು ಮೊದಲೇ ಎತ್ತಿಡಿ, ಉಳಿದರೆ ಕೊಡುವುದಲ್ಲ. ಆಟೋ-ಡೆಬಿಟ್ ಎಂದರೆ ಕೆಲವರು ಮೂಗು ಮುರಿಯುತ್ತಾರೆ. ನನಗೇನೋ ಅದೇ ವಾಸಿ ಅನಿಸುತ್ತದೆ. ಕೊಟ್ಟೆ ಎಂಬ ನೆನಪೂ ಉಳಿಯುವುದಿಲ್ಲ.

ಪಾಳಿ_ಶರಣ:

ಹಣತೆ, ಟವೆಲ್ ಎರಡೂ ನಾಳೆಯಿಂದಲೇ. ಇನ್ನೊಂದು: ಮುಂದಿನ ವಾರ ಎಂಆರ್‌ಐ ಸ್ಕ್ಯಾನ್ ಇದೆ. ಬೆಳ್ಳಿ ಕರಡಿಗೆ ಏನು ಮಾಡಲಿ?

ಕರಡಿಗೆ:

ಲೋಹ ಯಾವುದೂ ಒಳಗೆ ಹೋಗಬಾರದು. ಮನೆಯಿಂದ ಹೊರಡುವಾಗಲೇ ಲಿಂಗವನ್ನು ಬಿಳಿ ಹತ್ತಿ ವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ, ಕರಡಿಗೆ ಮನೆಯಲ್ಲೇ ಇರಲಿ. ಅದನ್ನೂ ತೆಗೆಯಿರಿ ಅಂತ ಟೆಕ್ನಿಷಿಯನ್ ಹೇಳಿದರೆ ವಾದ ಬೇಡ, ಜೊತೆಗೆ ಬಂದವರ ಕೈಗೆ ಕೊಡಿ. ಲಾಕರ್‌ನಲ್ಲಿ ಇಟ್ಟು ಮರೆತು ಬರೋರೇ ಜಾಸ್ತಿ.